ಬೈಟೂ ವೈನು

ಬಸವನಗುಡಿಯಿಂದ ಹೊರಟ ನಮ್ಮ ಪ್ರವಾಸದ ವ್ಯಾನು ನಂದಿಬೆಟ್ಟದ ತಪ್ಪಲಿನ, ವೈನು ತಯಾರಿಸುವ ದ್ರಾಕ್ಷಿ ತೋಟದಲ್ಲಿ ನಿಂತಿತು. ಉಳಿದವರೆಲ್ಲ ಬೆಟ್ಟ ಹಿಂದೆ ಕಾಣುವಂತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಚಪ್ಪರದ ಕೆಳಗೆ ಕೂತು ಅವರೆಕಾಳಿನ ಉಸಲಿ, ರಾಗಿ ನಿಪ್ಪಟ್ಟು ತಿಂದೆ. ವೈನು ಕೊಡುವ ಹೆಂಗಸು ಬಂದು ಯಾವುದು ಬೇಕೆಂದು ಕೇಳಿದರು.

“ಕೆಂಪು ವೈನು, ಬೈಟೂ” ಅಂದುಬಿಟ್ಟೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಷ್ಟೂ ವರ್ಷ ಗಾಂಧಿ ಬಜಾರಿನ ಹೋಟೆಲಿನಲ್ಲಿ ಗೆಳತಿ ಗಿರಿಜೆಯ ಜೊತೆ ಒಂದೇ ಕಾಫಿ ಹಂಚಿಕೊಂಡು ಓದಿದ್ದು. ಸಂಬಳ ಬರತೊಡಗಿದ ಮೇಲೂ ನಮ್ಮದು ಬೈಟೂನೇ. ಅವಳು ತೀರಿಕೊಂಡು ವರ್ಷವಾಯಿತು. ನನ್ನ ಬಾಯಿಗೆ ಅದಿನ್ನೂ ತಿಳಿದಿಲ್ಲ.

ಆಕೆ ಎರಡು ಗ್ಲಾಸಿಗೆ ಸಮನಾಗಿ ಹಾಕಿ, ಒಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟರು.

“ಫ್ರೆಂಡು ಫೋಟೊ ತೆಗೀತಿದಾರಾ ಮೇಡಂ? ಕರೀಲಾ?”

“ಬೇಡ ಬಿಡಿ. ಎರಡೂ ನಂದೇ.”

“ಅಯ್ಯೋ, ಹಂಗಾದ್ರೆ ಒಂದ್ರಲ್ಲೇ ಹಾಕ್ಕೊಡ್ತಿದ್ನಲ್ಲ!” ಎಂದು ನಕ್ಕು, ಎದುರಿನ ಗ್ಲಾಸಿಗೆ ಕೈಹಾಕಿದರು.

“ಇರಲಿ ಬಿಡಿ” ಅಂದೆ.

ನನ್ನದು ಕುಡಿದು ಮುಗಿಸಿದೆ. ಕಾಫಿಯಾಗಿದ್ದರೆ “ಆರಿಹೋಗುತ್ತೆ ಕಣೇ” ಎಂದು ಗಿರಿಜೆಯ ಪಾಲನ್ನೂ ನಾನೇ ಕುಡಿದುಬಿಡುತ್ತಿದ್ದೆ. ಇದು ಆರುವ ವಸ್ತುವಲ್ಲ. ವ್ಯಾನಿನವನು ಹಾರನ್ ಹೊಡೆಯುವವರೆಗೂ ಅವಳ ಗ್ಲಾಸು ಇಟ್ಟಲ್ಲೇ ಇತ್ತು.