ಕಿಟಕಿ ಯಾರ ಕಡೆಗೆ?

ಬೀದಿಯವರೆಲ್ಲ ಅವಳನ್ನು ಬ್ರಷ್ ಅಕ್ಕ ಎಂದೇ ಕರೆಯುತ್ತಿದ್ದರು. ಬಾಟಲಿ ತೊಳೆಯುವ ಬ್ರಷ್ಷಿಗೆ ತಂತಿ ತಿರುಚಿ ತಿರುಚಿ ಬೆರಳುಗಳೇ ಸೊಟ್ಟಗಾಗಿದ್ದವು. ಅಪ್ಪ ಕಣ್ಣು ಮುಚ್ಚಿದ ಮೇಲೆ ಕಾರ್ಖಾನೆಯನ್ನೂ ತಮ್ಮನನ್ನೂ ಸಾಕಿದವಳು ಅವಳೇ. ಕಾರ್ಖಾನೆ ಎಂದರೆ ನಾಲ್ಕು ಯಂತ್ರ, ಅರ್ಧ ಮನೆ. ಇನ್ನರ್ಧ ಚಿಕ್ಕಪ್ಪನದು. ಅಪ್ಪ, ಚಿಕ್ಕಪ್ಪ ಬೇರೆಯಾದಾಗ ನಡುಮನೆಗೆ ಗೋಡೆ ಎದ್ದಿತು, ಇದ್ದೊಂದು ಕಿಟಕಿ ಆಚೆಗೆ ಹೋಯಿತು. ಅಂದಿನಿಂದ ಇತ್ತ ಹಗಲಲ್ಲೂ ದೀಪ.

ಈಗ ತಮ್ಮನಿಗೆ ಹೊರದೇಶದಲ್ಲಿ ಬ್ರಷ್ ಕೊಳ್ಳುವವರು ಸಿಕ್ಕಿದ್ದರು. ಅಲ್ಲೇ ಕಂಪನಿ ತೆರೆಯುತ್ತೇನೆಂದು ಹೊರಟಿದ್ದ. ಅದನ್ನು ಹೇಗೆ ನೋಂದಾಯಿಸಬೇಕೆಂದು ಕೇಳಲು ಇಬ್ಬರೂ ವಕೀಲರ ಮುಂದೆ ಕೂತರು. ಅಕ್ಕ ಊದಿದ ಕಾಲನ್ನು ಚಪ್ಪಲಿಯಿಂದ ಮೆಲ್ಲಗೆ ಬಿಡಿಸಿಕೊಂಡಳು.

“ಎರಡು ದಾರಿ ಇದೆ. ನಿಮ್ಮ ಕಾರ್ಖಾನೆಯ ಶಾಖೆ ಅಂತ ಮಾಡ್ಬಹುದು. ಇಲ್ಲಾಂದ್ರೆ ಅಲ್ಲೇ ಬೇರೆ ಕಂಪನಿ,” ಎಂದರು ವಕೀಲರು.

“ಶಾಖೇನೇ ಇರ್ಲಿ ಸ್ವಾಮಿ. ಬೇರೆ ಅನ್ನೋ ಮಾತು ನಮ್ಮನೇಲಿ ಬೇಡ.”

“ಅಕ್ಕಾ, ಪೂರ್ತಿ ಕೇಳೇ,” ಎಂದ ತಮ್ಮ.

“ಕೇಳಿ ಕೇಳಿ ಕಿವಿ ತೂತಾಗಿದೆ ಕಣೋ. ಚಿಕ್ಕಪ್ಪನೂ ಹೀಗೇ ನಗ್ತಾ ನಗ್ತಾನೇ ಬೇರೆ ಆದದ್ದು.”

ವಕೀಲರು ಕನ್ನಡಕ ತೆಗೆದರು. “ಅಮ್ಮಾ, ಶಾಖೆ ಆದ್ರೆ ಅಲ್ಲಿನ ತಲೆನೋವೆಲ್ಲ ಇಲ್ಲಿಗೇ. ಅಲ್ಲಿ ಯಾರಾದ್ರೂ ದಾವೆ ಹಾಕಿ ಗೆದ್ರೆ ನಿಮ್ಮ ಯಂತ್ರಗಳಿಗೇ ಕೈ ಹಾಕ್ಬಹುದು. ಬೇರೆ ಕಂಪನಿ ಆದ್ರೆ, ಸಾಮಾನ್ಯವಾಗಿ ಮುಳುಗಿದ್ರೂ ಅದೊಂದೇ ಮುಳುಗುತ್ತೆ.”

ಅಕ್ಕ ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡಳು. ಆ ಯಂತ್ರಗಳು ಹೋದರೆ ಇಬ್ಬರ ಅನ್ನವೂ ಹೋದಂತೆ.

“ಅಂದ್ರೆ ನಡುವೆ ಗೋಡೆ,” ಎಂದಳು ಕೊನೆಗೆ.

“ಗೋಡೇನೇ. ಆದ್ರೆ ಆ ಕಂಪನಿ ಷೇರೆಲ್ಲ ನಿಮ್ಮ ಕಾರ್ಖಾನೆ ಹೆಸರಲ್ಲೇ ಇಡ್ಬಹುದು. ಆಚೆ ಮನೇನೂ ನಿಮ್ದೇ.”

“ಕಿಟಕಿ?”

ವಕೀಲರು ಮಿಕಮಿಕ ನೋಡಿದರು. ತಮ್ಮನಿಗೆ ಅರ್ಥವಾಯಿತು.

“ನಿನ್ನ ಕಡೆಗೇ ಕಣಕ್ಕಾ. ಅಲ್ಲಿ ಏನು ಮಾಡಿದ್ರೂ ನಿಂಗೆ ಕಾಣೋ ಹಾಗೇ ಮಾಡ್ತೀನಿ.”

“ಮುಚ್ಚಿಟ್ಟೆಯೋ, ಹೊರದೇಶ ಅಂತಲೂ ನೋಡಲ್ಲ, ಬಂದು ಕಿವಿ ಹಿಂಡ್ತೀನಿ.” ಆಮೇಲೆ ಸುಸ್ತಾದ ದನಿಯಲ್ಲಿ ವಕೀಲರಿಗೆ ಹೇಳಿದಳು: “ಬೇರೇನೇ ಮಾಡ್ಬಿಡಿ ಸ್ವಾಮಿ. ಅಲ್ಲಿ ಎಡವಟ್ಟಾದ್ರೆ ಇವನು ವಾಪಸ್ ಬರೋಕೆ ಇಲ್ಲೊಂದು ಬಾಗಿಲಾದ್ರೂ ಉಳೀಲಿ.”

ಎದ್ದಾಗ ಅವಳ ಮಂಡಿ ಲಟಕ್ಕೆಂದಿತು. ಒಂದು ಚಪ್ಪಲಿ ಮೇಜಿನಡಿ ಸೇರಿಕೊಂಡಿತ್ತು. ತಮ್ಮ ಬಗ್ಗಿ ತೆಗೆದು ಕಾಲಿಗೆ ಹಾಕಿದ. ಅವಳು ಬೇಡವೆನ್ನಲಿಲ್ಲ.