ಪಂಪಾಪತಿ ಸರ್ ಓದದೆ ಬಿಟ್ಟ ಸಾಲು

ಸಭೆಯಲ್ಲಿ ಸಂಶೋಧನಾ ಲೇಖನ ಓದುತ್ತಾ ಓದುತ್ತಾ ‘ಆದರೆ’ ಎಂಬ ಮಾತು ಎದುರಾದ ಕೂಡಲೇ ಪಂಪಾಪತಿ ಸರ್ ಕನ್ನಡಕ ತೆಗೆದುಬಿಡುತ್ತಿದ್ದರು. ಅದನ್ನು ಪಂಚೆಯ ಅಂಚಿನಿಂದ ಒರೆಸಿ, ಮಡಚಿ, ಜೇಬಿಗೆ ಇಳಿಸುವಷ್ಟರಲ್ಲಿ ಸಂಶೋಧನೆ ಮುಗಿದಿರುತ್ತಿತ್ತು. “ಇಷ್ಟ ನೋಡ್ರಿ. ಸೈನ್ಸು ಹೇಳಾಕತ್ತೈತಿ, ನಾನಲ್ಲ” ಎನ್ನುತ್ತಿದ್ದರು.

ಆ ‘ಆದರೆ’ಯ ಆಚೆ ಇರುವುದನ್ನು ಓದುವುದೇ ನನ್ನ ಹೊಟ್ಟೆಪಾಡು. ಬಳ್ಳಾರಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ನಾನು ಕಲಿಸುವುದು ಅದನ್ನೇ. ಹೊಸ ಔಷಧ, ಹೊಸ ಪಥ್ಯ ಎಂದು ಲೇಖನ ಬಂದರೆ, ಯಾರ ಮೇಲೆ ಪರೀಕ್ಷಿಸಿದರು, ಎಷ್ಟು ಕಾಲ ನೋಡಿದರು, ಯಾವುದಕ್ಕೆ ಹೋಲಿಸಿದರು ಎಂದು ಕೇಳಬೇಕು. ಸರ್ ಪಾಲಿಗೆ ಇವೆಲ್ಲ ಕೊಂಕು ತೆಗೆಯುವವರ ಪ್ರಶ್ನೆಗಳು.

ಅವರು ಡಾಕ್ಟರರಲ್ಲ. ಭತ್ತದ ಹೊಟ್ಟಿನ ಬೂದಿಯ ಮೇಲೆ ಪಿಎಚ್‌ಡಿ ಮಾಡಿದ್ದ ರಸಾಯನಶಾಸ್ತ್ರದ ಮೇಷ್ಟ್ರು. ನಿವೃತ್ತರಾಗಿ ಕುರುಗೋಡಿನ ಮನೆಗೆ ‘ಡಾ.’ ಎಂದು ದಪ್ಪಕ್ಷರದ ಬೋರ್ಡು ಹಾಕಿಸಿದರು. ಅದನ್ನು ನೋಡಿ ಬಂದವರು ನಾಲಿಗೆ ಚಾಚಿದರೆ ಇವರು ಬೇಡ ಎನ್ನಲಿಲ್ಲ, ಬಗ್ಗಿ ನೋಡಿದರು. ಭಾನುವಾರ ಬಳ್ಳಾರಿಯ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಅವರ ‘ಹೊಸ ಸಂಶೋಧನೆಗಳ ವಿಮರ್ಶೆ’ ನಡೆಯುತ್ತಿತ್ತು. ಒಂದು ವಾರ ಕಾಫಿ ಹೃದಯಕ್ಕೆ ಒಳ್ಳೆಯದು, ಮುಂದಿನ ವಾರ ಕೆಟ್ಟದ್ದು. ಎರಡೂ ವಾರ ಜನ ಚಪ್ಪಾಳೆ ತಟ್ಟಿದರು, ಎರಡೂ ವಾರ ಕೆಳಗಿಳಿದು ಕಾಫಿ ಕುಡಿದರು.

ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು ಇವರೇ. ಪ್ರಯೋಗಾಲಯದಲ್ಲಿ ಒಂದು ಹನಿ ಆಮ್ಲ ಹೆಚ್ಚು ಬಿದ್ದರೂ “ಚೆಲ್ಲು, ಮತ್ತ ಮಾಡು” ಎಂದು ಗದರುತ್ತಿದ್ದರು. ಹನಿಗೆ ಅಷ್ಟು ಲೆಕ್ಕ ಕೇಳಿದ ಮನುಷ್ಯ ಜನರ ಜೀವದ ವಿಷಯದಲ್ಲಿ ಹೀಗೆ ಕೈಗೆ ಬಂದಂತೆ ಸುರಿಯುವುದನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಿರುಗುಪ್ಪದಲ್ಲಿ ಅವರು ಮಾಡಿದ ಭಾಷಣ ಅನ್ನದ ಬಗ್ಗೆ. ಅನ್ನ ತಣ್ಣಗಾದಾಗ ಅದರ ಪಿಷ್ಟದ ಒಂದು ಪಾಲು ಬೇಗ ಜೀರ್ಣವಾಗದಂತೆ ಬದಲಾಗುತ್ತದೆ, ಸಕ್ಕರೆ ಸ್ವಲ್ಪ ನಿಧಾನವಾಗಿ ಏರುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದು ಔಷಧವಲ್ಲ, ಬಟ್ಟಲುಗಟ್ಟಲೆ ತಿನ್ನಲು ಪರವಾನಗಿಯೂ ಅಲ್ಲ. ಸರ್ ಎಂದಿನಂತೆ ಕನ್ನಡಕ ತೆಗೆದು ಘೋಷಿಸಿದರು: “ರಾತ್ರಿ ಮಾಡಿ ಮುಂಜಾನಿ ಉಣ್ರಿ. ಶುಗರ್ ತಾನ ಇಳೀತೈತಿ. ಸೂಜಿ ಗೀಜಿ ಎಲ್ಲಾ ಹಳೇ ಕಾಲದ್ದು.” ಕಾಲುವೆ ನೀರಿನ ಊರು, ಎಲ್ಲಿ ನೋಡಿದರೂ ಭತ್ತ. ಅನ್ನ ಕಡಿಮೆ ಮಾಡಿ ಎಂದ ಡಾಕ್ಟರರೆಲ್ಲ ಅಲ್ಲಿ ಶತ್ರುಗಳು. ಹೊಟ್ಟೆ ತುಂಬ ಉಣ್ಣಿ ಎಂದವರು ದೇವರಾದರು.

ಆ ಸಭೆಯಲ್ಲಿ ನನ್ನ ಚಿಕ್ಕಮ್ಮ ಗಂಗಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿ ಓದಿಸಿದವಳು. ಅಂದಿನಿಂದ ಸಂಜೆ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿಟ್ಟು ಮರುದಿನ ಮೂರು ಹೊತ್ತೂ ಅದನ್ನೇ ಉಂಡಳು. ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ಇನ್ಸುಲಿನ್ ನಿಲ್ಲಿಸಿದಳು. ನಾನು ಬೈದರೆ, “ನೀನು ಬರೇ ಬಿಡು ಬಿಡು ಅಂತೀ. ಉಣ್ಣು ಅಂದ ಡಾಕ್ಟ್ರು ಅವ್ರೊಬ್ರ” ಎಂದಳು.

ಮುಂದಿನ ಭಾನುವಾರ ಬ್ರೂಸ್‌ಪೇಟೆಗೆ ಹೋಗಿ ಎಲ್ಲರ ಎದುರು ಕೇಳಿದೆ, “ಸರ್, ಇನ್ಸುಲಿನ್ ಬಿಟ್ಟು ತಂಗಳನ್ನ ಉಂಡವ್ರನ್ನ ಯಾರು ಪರೀಕ್ಷೆ ಮಾಡ್ಯಾರ?”

ಸರ್ ಸಭೆಯ ಕಡೆ ತಿರುಗಿದರು. “ನಮ್ ಹುಡುಗೀನ. ಲ್ಯಾಬಿನ್ಯಾಗ ದಿನಾ ಒಂದು ಟೆಸ್ಟ್‌ಟ್ಯೂಬು ಒಡೀತಿದ್ಳು. ಈಗ ನಮ್ಮ ಮಾತು ಒಡಿಯಾಕ ಬಂದಾಳ.” ಹಾಲ್ ತುಂಬ ನಗು. ಉತ್ತರ ಅಷ್ಟೇ.

ಮಳೆಗಾಲ ಮುಗಿಯುವಷ್ಟರಲ್ಲಿ ಚಿಕ್ಕಮ್ಮನ ಕಾಲಿಗೆ ಆಗಿದ್ದ ಸಣ್ಣ ಗಾಯ ಮಾಯದೆ ಕಪ್ಪಾಗಿ, ಬಳ್ಳಾರಿಗೆ ತಂದು ಎರಡು ಬೆರಳು ತೆಗೆಸಬೇಕಾಯಿತು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ನರ್ಸ್‌ಗಳು ಸೂಜಿ ಹಾಕಿದರು. ಮನೆಗೆ ಬಂದದ್ದೇ ಮತ್ತೆ ಹಠ. ಹೀಗೇ ಬಿಟ್ಟರೆ ಮುಂದೆ ಕಾಲೇ ಹೋಗುತ್ತದೆ ಎಂದೆ. “ಪಂಪಾಪತಿ ಸರ್ ಹೇಳ್ಲಿ, ತಗೊಂತೀನಿ” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಬೆರಳು ಕಳೆದುಕೊಂಡ ಮೇಲೂ ಆ ಮನುಷ್ಯನ ಮೇಲಿನ ನಂಬಿಕೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಹಾಗಾಗಿ ನಾನು ಕುರುಗೋಡಿಗೆ ಹೋದೆ. ಜಗಳಕ್ಕಲ್ಲ, ಬೇಡಿಕೊಳ್ಳಲು. ಮಧ್ಯಾಹ್ನದ ಊಟದ ಹೊತ್ತು. ಸರ್ ಚಾಪೆಯ ಮೇಲೆ ಕೂತಿದ್ದರು. ತಾಟಿನಲ್ಲಿ ಹಬೆಯಾಡುವ ಬಿಸಿ ಅನ್ನ.

“ಸರ್, ನಮ್ಮ ಚಿಕ್ಕಮ್ಮಗ ಒಂದು ಫೋನು ಮಾಡ್ರಿ. ತಪ್ಪಾಗೇತಿ, ಸೂಜಿ ತಗೋರಿ ಅಂತ ಒಂದು ಮಾತು ಹೇಳ್ರಿ. ಅಕಿ ಕಾಲು ಉಳೀತೈತಿ.”

ಅವರ ಹೆಂಡತಿ ಒಳಗಿನಿಂದ ಬಂದರು. ಫ್ರಿಜ್ಜಿನಿಂದ ತಂದ ಇನ್ಸುಲಿನ್ ಪೆನ್ನನ್ನು, ಚಟ್ನಿಪುಡಿ ಕೊಟ್ಟಷ್ಟೇ ಸಹಜವಾಗಿ, ಅವರ ಕೈಗಿತ್ತರು. ಸರ್ ಬನಿಯನ್ ಎತ್ತಿ, ಹೊಟ್ಟೆಗೆ ಚುಚ್ಚಿಕೊಂಡು, ಪೆನ್ನು ವಾಪಸು ಕೊಟ್ಟು, ಅನ್ನ ಕಲಸತೊಡಗಿದರು.

“ಎಷ್ಟು ವರ್ಷಾತ್ರಿ ಸರ್?” ಎಂದೆ.

“ಭಾಳ ವರ್ಷಾತವ್ವ. ನಂದು ಬ್ಯಾರೆ ಕೇಸು. ನಮ್ಮ ಡಾಕ್ಟ್ರು ಬಿಡಬ್ಯಾಡ್ರಿ ಅಂದಾರ.”

“ಮತ್ತ ಫೋನು?”

“ಈ ವಯಸ್ಸಿನ್ಯಾಗ ತಪ್ಪಾತು ಅಂತ ಹೆಂಗ ಹೇಳ್ಲಿ? ನಾಳೆ ನಾಕು ಮಂದಿ ಮುಂದ ನಾನು ಕುಂದ್ರೂದು ಬ್ಯಾಡೇನು? ಕುಂದ್ರು, ಊಟ ಮಾಡು.”

ಅಲ್ಲಿ ನೀರೂ ಮುಟ್ಟದೆ ಎದ್ದು ಬಂದೆ. ಅದೇ ಕೊನೆ. ಮರುವರ್ಷ ನಿದ್ದೆಯಲ್ಲೇ ಹೋದರಂತೆ. ಮಣ್ಣಿಗೆ ನಾನು ಹೋಗಲಿಲ್ಲ. ಹೋಗಬೇಕೆಂದು ಅನ್ನಿಸಲೂ ಇಲ್ಲ.

ಆ ದಿನ ಕುರುಗೋಡಿನಿಂದ ನೇರವಾಗಿ ಸಿರುಗುಪ್ಪಕ್ಕೆ ಹೋಗಿ, ಕಂಡದ್ದನ್ನೆಲ್ಲ ಊಟಕ್ಕೆ ಕೂತಿದ್ದ ಚಿಕ್ಕಮ್ಮನಿಗೆ ಒದರಿದೆ. ಮೋಸಗಾರ ಎಂದೆ, ಇನ್ನೂ ಏನೇನೋ ಅಂದೆ. ಈಗಲಾದರೂ ಅವಳು ಅವರನ್ನು ಶಪಿಸುತ್ತಾಳೆ ಎಂದು ಕಾದೆ. ಅವಳು ಕೇಳಿದಳು:

“ಸೂಜಿ ಉಣ್ಣೂಕಿಂತ ಮುಂಚೆ ತಗೊಂಡ್ರೋ, ಆಮ್ಯಾಗೋ?”

“ಮುಂಚೆ.”

“ಅಷ್ಟು ದೊಡ್ಡೋರು ಸುಮ್ಮನ ತಗೊಂತಾರೇನು? ಹಂಗಾರ ನನಗೂ ಮುಂಚೆನ ಹಾಕು” ಎಂದು ಅನ್ನದ ತಾಟನ್ನು ಪಕ್ಕಕ್ಕೆ ತಳ್ಳಿ ಸೆರಗು ಸರಿಸಿದಳು.