ರೀವಗಳನ್ನು ನೋಡಿದವಳು

ಮಗಳು ನನ್ನ ಹೆಗಲ ಮೇಲೆ ಕೂತು ಹೊಳೆ ನೋಡಿದಳು, ಹಕ್ಕಿ ನೋಡಿದಳು, ನಕ್ಕಳು. ಇದು ನನ್ನ ಮಾತು. ಅವಳು ಅವತ್ತು ಕುರುಗೋಡಿನ ಅಜ್ಜಿಯ ಮನೆಯಲ್ಲಿ ಜ್ವರ ಬಂದು ಮಲಗಿದ್ದಳು, ಹೊಳೆಗೆ ಬರಲೇ ಇಲ್ಲ. ಇದು ನನ್ನ ಹೆಂಡತಿಯ ಮಾತು. ಇದೊಂದು ವಿಷಯಕ್ಕೆ ನಾವಿಬ್ಬರೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದೆವು. ಬೇರೆ ಜಗಳಗಳೂ ಇದ್ದವು, ಆದರೆ ಅವು ಮುಗಿಯುತ್ತಿದ್ದವು.

ನನ್ನ ಕಡೆಯದನ್ನು ಮೊದಲು ಹೇಳುತ್ತೇನೆ. ಅರವತ್ತರ ದಶಕದ ಕೊನೆಯ ಒಂದು ಬೇಸಿಗೆ. ಸಿರುಗುಪ್ಪದ ಆಚೆ ತುಂಗಭದ್ರೆ ಬತ್ತಿ, ಎರಡು ಸಣ್ಣ ಹರಿವುಗಳಾಗಿ ಒಡೆದು, ನಡುವೆ ಮರಳಿನ ದಿಬ್ಬ ಎದ್ದಿತ್ತು. ದಿಬ್ಬದ ಒಂದು ಬದಿಗೆ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು. ಇನ್ನೊಂದು ಬದಿ ಹಕ್ಕಿಗಳದು. ಬೂದು ರೆಕ್ಕೆ, ಕಪ್ಪು ಟೋಪಿ, ಅರಿಶಿನದ ಕೊಂಬಿನಂಥ ಕೊಕ್ಕು, ಕತ್ತರಿಯ ಹಾಗೆ ಸೀಳಿದ ಉದ್ದ ಬಾಲ. ಆ ಕಡೆಯವರು ಬರೀ ಹೊಳಿಹಕ್ಕಿ ಅನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಅದು ನದಿ ರೀವ. ಅದು ಗೂಡು ಕಟ್ಟುವುದಿಲ್ಲ. ಮರಳಿನಲ್ಲಿ ಎದೆಯೂರಿ ಒಂದು ಗುಳಿ ಮಾಡುತ್ತದೆ, ಮರಳಿನದೇ ಬಣ್ಣದ ಚುಕ್ಕೆ ಮೊಟ್ಟೆ ಇಡುತ್ತದೆ. ನಾವು ಗೊತ್ತಿಲ್ಲದೆ ಆ ಕಡೆ ಕಾಲಿಟ್ಟೆವು. ಹಕ್ಕಿಗಳು ಚೀರುತ್ತಾ ಒಂದರ ಹಿಂದೆ ಒಂದು ತಲೆಯ ಮೇಲೆರಗಿದವು. ಹಸಿರು ಚೌಕಳಿಯ ಫ್ರಾಕು ಹಾಕಿದ್ದ ಮಗು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಕಿಲಕಿಲ ನಗುತ್ತಿದ್ದಳು. ಅವಳ ಹಿಮ್ಮಡಿ ನನ್ನ ಎದೆಗೆ ಬಡಿಯುತ್ತಿತ್ತು.

ಈ ಚಿತ್ರದಲ್ಲಿ ಒಂದು ತೊಂದರೆ ಇದೆ. ಹೆಗಲ ಮೇಲೆ ಮಗುವನ್ನು ಹೊತ್ತವನಿಗೆ ಮಗುವಿನ ಮುಖ ಕಾಣುವುದಿಲ್ಲ. ನನಗೆ ಕಾಣುತ್ತದೆ. ಮುಚ್ಚಿದ ಕಣ್ಣು, ಬಿದ್ದ ಒಂದು ಹಲ್ಲಿನ ಜಾಗ, ಎಲ್ಲ. ಹಾಗಾದರೆ ಎದುರಿಗೆ ನಿಂತು ನೋಡಿದವನು ಯಾರು? ನೆನಪು ಹೀಗೆ ನೀಟಾಗಿ ಬಾಚಿಕೊಂಡು ಬಂದು ನಿಂತಾಗ ಅದನ್ನು ಒಳಗೆ ಕರೆಯಲು ನನಗೆ ಹೆದರಿಕೆ.

ಮುಂದಿನ ವಾರ ಅವಳು ಹೋದಳು. ಇನ್ನೂ ಶಾಲೆಗೆ ಹಾಕಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಕುರುಗೋಡಿನ ಗುಡ್ಡದ ಕೆಳಗೆ ಹೂತೆವು. ಆ ದಿನದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಯಾಕೆಂದರೆ ಅದರಲ್ಲಿ ಚಿತ್ರವೇ ಇಲ್ಲ. ಯಾರದೋ ಕೈಯಲ್ಲಿ ವಿಭೂತಿ. ನನ್ನ ಚಪ್ಪಲಿಯಲ್ಲಿ ಸೇರಿದ ಒಂದು ಹರಳು. ಅಷ್ಟೇ.

ಜಗಳ ಶುರುವಾದದ್ದು ಬಳ್ಳಾರಿಯಲ್ಲಿ, ಪಾರ್ವತಿನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಸಮಾಧಾನ ಹೇಳಲು ಹೋದೆ.

"ಒಂದ್ ಖುಷಿ ಅಂದ್ರ, ಹೊಳಿ ನೋಡಿ ಹೋದ್ಲು. ಹಕ್ಕಿ ನೋಡಿ ಎಷ್ಟ್ ನಕ್ಕಿದ್ಲು ಅಂತಿ."

ಬಡಿಯುವ ಕೈ ನಿಂತಿತು. "ಯಾರು?"

"ನಮ್ಮಾಕಿ."

"ನಮ್ಮಾಕಿ ಎಲ್ಲಿ ಬಂದಿದ್ಲುರಿ? ಅಕಿ ಮೈ ಕೆಂಡ ಆಗಿತ್ತು ಆವತ್ತು. ಒದ್ದಿ ಬಟ್ಟಿ ಹಾಕ್ಕೋತ ಕುಂತಿದ್ದೆ ನಾನು. ನೀವು ನನ್ ತಂಗಿ ಮಗಳನ್ನ ಹೊತಗೊಂಡು ಹೋಗಿದ್ರಿ."

"ಹಸರು ಚೌಕಳಿ ಫ್ರಾಕು ಹಾಕಿದ್ಲು. ನನಗ ನೆನಪೈತಿ."

"ಇಬ್ರಿಗೂ ಅದ ಫ್ರಾಕು. ನಮ್ಮವ್ವ ಒಂದ ತಾನಿನಾಗ ಹೊಲಿದಿದ್ಲು. ಮರತ್ರೇನು?"

ಮರೆತಿರಲಿಲ್ಲ. ನಮ್ಮತ್ತೆ ಪ್ರತಿ ಬೇಸಿಗೆಗೆ ಬಳ್ಳಾರಿಯಿಂದ ಒಂದೇ ತಾನು ಬಟ್ಟೆ ತರಿಸಿ, ಇಬ್ಬರು ಮೊಮ್ಮಕ್ಕಳಿಗೂ ಒಂದೇ ಅಳತೆಯ ಫ್ರಾಕು ಹೊಲಿಯುತ್ತಿದ್ದರು. ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಅಂತ ಯಾರೂ ಆಡಿಕೊಳ್ಳಬಾರದು. ಹಿಂದಿನಿಂದ ನೋಡಿದರೆ ಆ ಅಜ್ಜಿಯೇ ಒಬ್ಬಳನ್ನು ಇನ್ನೊಬ್ಬಳ ಹೆಸರಿನಿಂದ ಕರೆಯುತ್ತಿದ್ದರು. ಹೀಗೆ ನನ್ನ ಕೈಲಿದ್ದ ಒಂದೇ ಸಾಕ್ಷಿ ಎರಡು ಮಕ್ಕಳ ಮೈಮೇಲೆ ಇತ್ತು.

ಆದರೂ ನಾನು ಬಿಡಲಿಲ್ಲ. ಮಗಳು ಬಂದಿದ್ದೇ ನಿಜವಾದರೆ, ಆ ಬಿಸಿಲೇ ಅವಳಿಗೆ ಜ್ವರ ತಂದಿತೇನೋ ಎಂಬ ಪ್ರಶ್ನೆ ನನ್ನ ಮೇಲೆ ಬೀಳುತ್ತಿತ್ತು. ಬೀಳಲಿ ಅನ್ನಿಸಿತ್ತು. ಹೆಂಡತಿಯ ಮಾತು ನಿಜವಾದರೆ ನಾನು ನಿರಪರಾಧಿ, ಆದರೆ ಮಗಳು ಏನನ್ನೂ ನೋಡದೆ ಹೋದಳು. ಹೆಂಡತಿಗಾದರೋ ಮಗಳ ಜ್ವರದ ದಿನಗಳೇ ಉಳಿದಿದ್ದವು. ನಾನು ಅದರಲ್ಲಿ ಒಂದು ದಿನವನ್ನು ಕಸಿದುಕೊಂಡು ಹೊಳೆಗೆ ಒಯ್ಯುತ್ತಿದ್ದೆ.

ಆಗಲೇ ನಾನು ರೀವಗಳ ಬಗ್ಗೆ ಓದಲು ಶುರು ಮಾಡಿದ್ದು. ಕಾಲೇಜಿನಲ್ಲಿ ನಾನು ಪಾಠ ಹೇಳುತ್ತಿದ್ದದ್ದು ಚರಿತ್ರೆ. ಪ್ರಾಣಿಶಾಸ್ತ್ರದವರ ಕಪಾಟಿನ ದಪ್ಪ ಸಂಪುಟಗಳನ್ನು ಒಂದೊಂದಾಗಿ ಮನೆಗೆ ತಂದೆ. ದುಃಖ ಮರೆಯಲು ಅಂತ ಬರೆದರೆ ಸುಳ್ಳು. ಆ ಹಕ್ಕಿಗಳು ಏನೇನು ಮಾಡಬಲ್ಲವು ಎಂದು ತಿಳಿದರೆ ಆ ಮಧ್ಯಾಹ್ನವನ್ನು ರುಜುವಾತು ಮಾಡಬಹುದು ಅಂದುಕೊಂಡಿದ್ದೆ. ರುಜುವಾತು ಸಿಗಲಿಲ್ಲ, ರೀವಗಳು ಸಿಕ್ಕವು.

ಧ್ರುವದ ರೀವ ಉತ್ತರದ ತುದಿಯ ಬೇಸಿಗೆಯಲ್ಲಿ ಮರಿ ಮಾಡಿ, ಭೂಮಿಯ ಬೆನ್ನು ಇಡೀ ಇಳಿದು, ದಕ್ಷಿಣದ ತುದಿಗೆ ಇನ್ನೊಂದು ಬೇಸಿಗೆಗೆ ಹೋಗುತ್ತದೆ. ಅದರಷ್ಟು ಹಗಲನ್ನು ಕಾಣುವ ಜೀವ ಇನ್ನೊಂದಿಲ್ಲ ಅನ್ನುತ್ತಾರೆ. ಮಸಿ ರೀವದ ಮರಿ ಹುಟ್ಟಿದ ದ್ವೀಪದಿಂದ ಒಮ್ಮೆ ಹಾರಿತೆಂದರೆ ವರ್ಷಗಟ್ಟಲೆ ನೆಲ ಮುಟ್ಟುವುದಿಲ್ಲ. ನೀರಿನ ಮೇಲೆ ಕೂತರೆ ರೆಕ್ಕೆ ನೆನೆಯುತ್ತದೆ, ಹಾಗಾಗಿ ಕಡಲಿನ ಮೇಲೂ ಕೂರುವುದಿಲ್ಲ. ಕೆಂಪು ಕೊಕ್ಕಿನ ದೊಡ್ಡ ರೀವವೊಂದಿದೆ, ಅದರ ಮಕ್ಕಳು ರೆಕ್ಕೆ ಬಲಿತ ಮೇಲೂ ತಾಯಿತಂದೆಯ ಹಿಂದೆ ದೇಶ ದಾಟಿ ಬಂದು ಮೀನಿಗಾಗಿ ಗೋಗರೆಯುತ್ತವೆ. ಪೆರು ದೇಶದ ಕಡಲ ಬಂಡೆಗಳ ರೀವಕ್ಕೆ ಕೆನ್ನೆಯ ಮೇಲೆ ಬಿಳಿ ಹುರಿಮೀಸೆ. ಅದರ ಚಿತ್ರವನ್ನು ಹೆಂಡತಿಗೆ ತೋರಿಸಿದೆ.

"ನಿಮ್ ಪ್ರಿನ್ಸಿಪಾಲರಂಗ ಐತಿ," ಅಂದಳು. ಆ ವರ್ಷ ಅವಳು ನಕ್ಕದ್ದು ಅದೊಂದೇ ಸಲ ಎಂದು ಬರೆಯಲು ಕೈ ಹೋಗುತ್ತದೆ. ಇನ್ನೂ ನಕ್ಕಿರಬಹುದು, ನಾನು ಮನೆಯಲ್ಲಿ ಇಲ್ಲದಾಗ.

ಬಿಳಿ ರೀವದ ವಿಷಯ ಹೇಳಿದಾಗ ಮಾತ್ರ ಸಿಟ್ಟಾದಳು. ಬಿಸಿ ಕಡಲುಗಳ ದ್ವೀಪದಲ್ಲಿರುವ ಆ ಹಕ್ಕಿ ಒಂದೇ ಒಂದು ಮೊಟ್ಟೆಯನ್ನು ಬರೀ ಕೊಂಬೆಯ ಮೇಲೆ ಇಡುತ್ತದೆ. ಒಂದು ಕಡ್ಡಿಯನ್ನೂ ಅಡ್ಡ ಇಡುವುದಿಲ್ಲ.

"ಗಾಳಿ ಬಂದ್ರ?"

"ಬೀಳತೈತಿ. ಮತ್ತ ಇಡತೈತಿ."

"ಮತ್ತ ಇಡತೈತಂತ! ಎಷ್ಟ್ ಸಲೀಸು ನಿಮ್ ಹಕ್ಕಿಗೆ," ಅಂದು ಎದ್ದು ಹೋದಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ಇನ್ನೊಂದು ಸಲ ನಮ್ಮ ಹೊಳೆಯ ರೀವದ್ದೇ ಹೇಳಿದೆ. ಬೇಸಿಗೆಯ ಮಧ್ಯಾಹ್ನ ಮರಳು ಕಾದಾಗ ಅದು ಮೊಟ್ಟೆಗೆ ಕಾವು ಕೊಡುವುದಿಲ್ಲ, ತಂಪು ಕೊಡುತ್ತದೆ. ಹಾರಿಹೋಗಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ನಿಲ್ಲುತ್ತದೆ. ಒಣಗಿದರೆ ಮತ್ತೆ ಹೋಗುತ್ತದೆ. "ಬದಕತಾವೇನು?" ಅಂತ ಕೇಳಿದಳು. "ಬದಕತಾವ," ಅಂದೆ. ಹೇಳಬಾರದಿತ್ತು ಅನ್ನಿಸಿತು.

ಒಂದನ್ನು ಹೇಳಲೇ ಇಲ್ಲ. ಜುಟ್ಟಿನ ರೀವಗಳು ಕಡಲ ದಂಡೆಯಲ್ಲಿ ತಮ್ಮ ಮರಿಗಳನ್ನೆಲ್ಲ ಒಂದೇ ಗುಂಪು ಮಾಡಿ ಬಿಡುತ್ತವೆ. ಮೀನು ತಂದ ತಾಯಿ ಆ ಸಾವಿರಾರು ಕೂಗಿನಲ್ಲಿ ತನ್ನ ಮರಿಯ ಕೂಗನ್ನು ಗುರುತಿಸಿ ಅದಕ್ಕೆ ಮಾತ್ರ ಕೊಡುತ್ತದೆ. ಅದನ್ನು ಓದಿದ ದಿನ ನಾನು ಮಗಳ ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಮಾತುಗಳು ಬಂದವು. ದನಿ ಬರಲಿಲ್ಲ.

ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ಚಳಿಗಾಲದಲ್ಲಿ ಒಬ್ಬನೇ ಹಚ್ಚೊಳ್ಳಿಗೆ ಹೋದೆ. ಹೆಂಡತಿಯ ತಂಗಿಯನ್ನು ಕೊಟ್ಟ ಊರು. ತಂಗಿಯ ಮಗಳು, ಆ ಇನ್ನೊಂದು ಫ್ರಾಕಿನವಳು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೆನಾಲು ನೀರು ಬಿಟ್ಟಿದ್ದರು, ಮನೆಯ ಹಿಂದಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಕೆಸರು ಮಾಡುತ್ತಿತ್ತು, ಅದರ ಹಿಂದೆ ಬಿಳಿ-ಬೂದು ಹಕ್ಕಿಗಳ ಹಿಂಡು ಏಳುತ್ತಾ ಇಳಿಯುತ್ತಾ ಹುಳ ಆಯುತ್ತಿತ್ತು.

"ದೊಡ್ಡಪ್ಪ, ನಿಮ್ ಬೀಗರು ಬಂದಾರ ನೋಡ್ರಿ," ಅಂದಳು ಅವಳು, ಕೂಸನ್ನು ಹೆಗಲಿಗೆ ಹಾಕಿಕೊಂಡು.

"ಇವು ಬ್ಯಾರೆ. ಮೀಸೆ ರೀವ ಅಂತಾರ. ಚಳಿಗಾಲಕ್ಕಷ್ಟ ಬರತಾವ. ಹೊಳಿಯಾಗಿನವು ಅಲ್ಲ ಇವು."

"ಯಾವರ ಆಗಲಿ, ಇವು ಕುಕ್ಕಂಗಿಲ್ಲಲ್ಲ? ಅವು ನನ್ ತಲಿ ಕುಕ್ಕಿ ಹೈರಾಣ ಮಾಡಿದ್ವು."

"ಯಾವಾಗ?"

"ಅಯ್ಯ, ನಿಮ್ ಹೆಗಲ ಮ್ಯಾಲ ಕುಂತಿದ್ದೆ! 'ಕುಣೀಬ್ಯಾಡಲೇ, ಬೀಳ್ತಿ' ಅಂತ ಬೈದಿರಿ. ಆಮ್ಯಾಗ ಟವಲ್ ಸುತ್ತಿ ಕಲ್ಲಂಗಡಿ ಕೊಡಿಸಿದ್ರಿ." ಬೈತಲೆಯ ಪಕ್ಕ ಕೂದಲು ಸರಿಸಿ ಒಂದು ಗೆರೆ ತೋರಿಸಿದಳು. "ನೋಡ್ರಿ, ಇನ್ನಾ ಐತಿ."

ಅವಳ ತಾಯಿ ಒಳಗಿನಿಂದಲೇ ಅಂದಳು, "ತಲಿ ಒಡಕೊಂಡಿದ್ದು ಹುಣಸಿ ಗಿಡದಿಂದ ಬಿದ್ದು. ಹಕ್ಕಿ ಮ್ಯಾಲ ಯಾಕ ಹಾಕತಿ?"

"ನೀ ಬಂದಿದ್ದೇನಬೇ ಹೊಳಿಗೆ?"

ಅವರಿಬ್ಬರೂ ನಗುತ್ತಾ ವಾದ ಮಾಡುತ್ತಿದ್ದರು. ಗಾಯದ ಗೆರೆ ಸಾಕ್ಷಿಯಲ್ಲ, ಯಾರ ತಲೆಯಲ್ಲಿ ಇಲ್ಲ ಅಂಥದು? ನನ್ನನ್ನು ಸೋಲಿಸಿದ್ದು ಬೈಗುಳ. ನನಗೇ ಮರೆತಿದ್ದ ಆ ಮಾತು ಅವಳ ಬಾಯಿಂದ ಬಂದದ್ದೇ ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ನನ್ನ ಮಗಳನ್ನು ನಾನು ಎಂದೂ ಲೇ ಅಂದವನಲ್ಲ. ಅವ್ವಾ ಅನ್ನುತ್ತಿದ್ದೆ.

ಬಸ್ಸಿನಲ್ಲಿ ಕೂತು ಆ ಮಧ್ಯಾಹ್ನವನ್ನು ಮತ್ತೆ ತೆಗೆದು ನೋಡಿದೆ. ಮುಖ ಬದಲಾಗಿರುತ್ತದೆ ಅಂದುಕೊಂಡಿದ್ದೆ. ಇಲ್ಲ. ಗೊತ್ತಾದ ಮೇಲೂ ಹೆಗಲ ಮೇಲೆ ನನ್ನ ಮಗಳೇ ಕೂತಿದ್ದಳು, ಹಲ್ಲು ಬಿದ್ದ ಜಾಗ ತೋರಿಸಿ ನಗುತ್ತಿದ್ದಳು. ಅಷ್ಟು ಸಣ್ಣ ವಯಸ್ಸಿಗೆ ಅವಳ ಹಲ್ಲು ಬಿದ್ದಿರಲಿಲ್ಲ ಎಂಬುದು ಸಿರುಗುಪ್ಪ ದಾಟಿದ ಮೇಲೆ ಹೊಳೆಯಿತು.

ಹೆಂಡತಿಗೆ ಹೇಳಬೇಕಿತ್ತು. ನೀನು ಹೇಳಿದ್ದೇ ಸರಿ, ಆ ದಿನ ನಿನ್ನದೇ, ಇಟ್ಟುಕೋ. ಅವತ್ತೇ ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಮುಂದಿನ ಮಾತು ನನ್ನ ಕಿವಿಗೆ ಬಿತ್ತು ಎಂದು ಬರೆದರೆ ಬರಹ ಚೆನ್ನಾಗಿ ಕೂರುತ್ತದೆ. ಅವತ್ತಲ್ಲ. ನಾನು ಹೇಳದೆ ದಿನ ದೂಡಿದೆ, ವಾರ ದೂಡಿದೆ. ಶಿವರಾತ್ರಿ ಹತ್ತಿರ ಬಂದಿತ್ತು. ಪಕ್ಕದ ಮನೆಗೆ ಹೊಸದಾಗಿ ಬಂದ ಹೆಣ್ಣುಮಗಳು ತನ್ನ ಮಗುವಿಗೆ ಉಣಿಸುತ್ತಾ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನಾನು ಒಳಗಿದ್ದೆ.

"ನಮಗೂ ಒಬ್ಬಾಕಿ ಇದ್ಲವಾ," ನನ್ನ ಹೆಂಡತಿ ಹೇಳುತ್ತಿದ್ದಳು. "ಹಕ್ಕಿ ಅಂದ್ರ ಪ್ರಾಣ. ಅವರಪ್ಪ ಹೆಗಲ ಮ್ಯಾಲ ಹೊತಗೊಂಡು ಹೊಳಿಗೆ ಹೋಗಿದ್ರು. ಹಕ್ಕಿ ಮ್ಯಾಲ ಬಂದ್ರ ಅಂಜಲಿಲ್ಲಂತ ಅಕಿ, ನಕ್ಕಳಂತ. ಮನಿಗೆ ಬಂದು ನನ್ ಮುಂದ ಹಿಂಗ ಕೈ ಬಿಚ್ಚಿ ಹಾರಿ ತೋರಿಸಿದ್ಲು. ಕುಂದ್ರು ಅಂದ್ರ ಕುಂದ್ರವಲ್ಲಳು."

ಕೈ ಬಿಚ್ಚಿ ಹಾರಿ ತೋರಿಸಿದ್ದು ನನ್ನ ಕಥೆಯಲ್ಲಿ ಇರಲಿಲ್ಲ.

ಯಾವಾಗ ಅವಳು ನನ್ನ ಕಥೆಯ ಕಡೆಗೆ ಬಂದಳು, ನನಗೆ ಗೊತ್ತಿಲ್ಲ. ಬಹುಶಃ ಜ್ವರದ ಕೋಣೆಯಲ್ಲಿ ಕೂತು ಕೂತು ಸಾಕಾಗಿರಬೇಕು. ನಾನು ಆ ಕಡೆಗೆ ಹೋದ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಹೇಳಬೇಕಾದದ್ದನ್ನು ನುಂಗಿದೆ. ನೆನಪಿನ ಬಗ್ಗೆ ಪೂರಾ ಒಂದು ಪುಸ್ತಕದಷ್ಟು ಅನುಮಾನ ಬರೆಯಬಲ್ಲ ನನಗೆ ಒಂದು ವಾಕ್ಯ ನಿಜ ಹೇಳಲು ಬಾಯಿ ಬರಲಿಲ್ಲ.

ಅವಳೇ ಕೇಳಿದಳು. "ಈ ಬ್ಯಾಸಿಗಿಗೆ ನನ್ನ ಕರಕೊಂಡು ಹೋಗ್ರಿ. ಅಕಿ ನೋಡಿದ್ದನ್ನ ನಾ ಒಮ್ಮಿನೂ ನೋಡಿಲ್ಲ."

ಹೋದೆವು. ಬಿಸಿಲೇರುವ ಮೊದಲೇ ಮುಟ್ಟಿದೆವು. ಹಕ್ಕಿಗಳು ಇದ್ದವು, ಮೊದಲಿಗಿಂತ ಕಡಿಮೆ ಅನ್ನಿಸಿತು, ಮೊದಲು ಎಷ್ಟಿದ್ದವು ಎಂದು ನಾನು ಯಾವ ಧೈರ್ಯದ ಮೇಲೆ ಹೇಳಲಿ. ಒಂದು ಗಂಡು ಕೊಕ್ಕಿನಲ್ಲಿ ಮೀನು ಹಿಡಿದು ಹೆಣ್ಣಿನ ಮುಂದೆ ಕತ್ತು ನಿಗುರಿಸಿಕೊಂಡು ಅಡ್ಡಾಡುತ್ತಿತ್ತು. ದೂರದಲ್ಲಿ ಕಪ್ಪು ಹೊಟ್ಟೆಯ ಸಣ್ಣ ರೀವವೊಂದು ಒಂಟಿಯಾಗಿ ನೀರಿನ ಮೇಲೆ ಸುಳಿಯುತ್ತಿತ್ತು. ಅವಳು ಯಾವುದನ್ನೂ ಕೇಳಲಿಲ್ಲ.

"ಎಲ್ಲಿ ನಿಂತಿದ್ರಿ? ತೋರಸ್ರಿ."

ಪ್ರತಿ ಮಳೆಗಾಲಕ್ಕೆ ಹೊಳೆ ಆ ದಿಬ್ಬವನ್ನು ಕಲಸಿ ಬೇರೆ ಕಡೆ ಹಾಕುತ್ತದೆ. ಅಲ್ಲಿದ್ದ ಮರಳು ಅಲ್ಲಿರಲಿಲ್ಲ. ಅಲ್ಲಿ ಹೆಗಲ ಮೇಲಿದ್ದವಳು ನಮ್ಮ ಮಗಳಲ್ಲ. ನಾನು ಕೈ ಎತ್ತಿ ಒಂದು ಕಡೆ ತೋರಿಸಿದೆ.

ಅವಳು ಚಪ್ಪಲಿ ಬಿಟ್ಟು ನಡೆದಳು. ನೇರವಾಗಿ ಮೊಟ್ಟೆಗಳಿರುವ ಕಡೆಗೇ ತೋರಿಸಿದ್ದೆ ಎಂದು ಗೊತ್ತಾಗುವಷ್ಟರಲ್ಲಿ ಹಕ್ಕಿಗಳು ಎದ್ದಿದ್ದವು. ಒಂದು ಅವಳ ಕೂದಲು ಸವರಿಕೊಂಡು ಹೋಯಿತು, ಇನ್ನೊಂದು ಚೀರುತ್ತಾ ಬಂತು. ಅವಳು ನಿಂತಲ್ಲೇ ನಿಂತಿದ್ದಳು, ತಲೆಯೆತ್ತಿ.

"ಸೆರಗು ಹೊತಗೋ," ನಾನು ಕೂಗಿದೆ. "ಕುಕ್ಕತಾವ, ಈ ಕಡೆ ಬಾ!"

ಅವಳು ತಿರುಗಲಿಲ್ಲ. "ಕುಕ್ಕಲಿ ಬಿಡ್ರಿ," ಅಂದಳು. "ಮಕ್ಕಳದಾವ ಅವಕ್ಕ."